ಎರಡು ಪಾತ್ರೆ, ನಡುವೆ ಒಂದು ಕೊಳವೆ: ಒತ್ತಡದ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: 2 ಲೀಟರಿನ ಒಂದು ಫ್ಲಾಸ್ಕ್, 3 ಲೀಟರಿನ ಇನ್ನೊಂದು. ಎರಡನ್ನೂ ಸಣ್ಣ ಕೊಳವೆಯಿಂದ ಜೋಡಿಸಿದೆ. ಒಳಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ಬಾರ್ ಒತ್ತಡದಲ್ಲಿದೆ. ಈಗ ಚಿಕ್ಕ ಫ್ಲಾಸ್ಕನ್ನು ಮಾತ್ರ 127 ಡಿಗ್ರಿಗೆ ಕಾಯಿಸಿ, ದೊಡ್ಡದನ್ನು 27ರಲ್ಲೇ ಇಟ್ಟರೆ ಒತ್ತಡ ಎಷ್ಟಾಗುತ್ತದೆ? ನಾನು ಪಿ ಬೈ ಟಿ ಸ್ಥಿರ ಅಂತ ಹಾಕಿದೆ, 1.33 ಬಾರ್ ಬಂತು. ಉತ್ತರ 1.11 ಅಂತ ಕೊಟ್ಟಿದ್ದಾರೆ. ಫ್ಲಾಸ್ಕಿನ ಗಾತ್ರವಂತೂ ಬದಲಾಗಿಲ್ಲ, ಮತ್ತೆ ಸೂತ್ರ ಯಾಕೆ ಕೈ ಕೊಟ್ಟಿತು? ಇಂಥ ಜೋಡಿ ಪಾತ್ರೆಗಳ ಲೆಕ್ಕದಲ್ಲಿ ಯಾವಾಗ ಏನು ಹಾಕಬೇಕು ಅನ್ನುವುದೇ ನನಗೆ ಗೊತ್ತಾಗುತ್ತಿಲ್ಲ.

ಉತ್ತರ: 1.33 ಎಲ್ಲಿಂದ ಬಂತು ಅಂತ ನೋಡಿದ ಕೂಡಲೇ ಗೊತ್ತಾಯಿತು. ಲೆಕ್ಕ ಹಾಕುವಾಗ ನೀವು ಕೊಳವೆಯನ್ನು ಮರೆತಿದ್ದೀರಿ. 127 ಮತ್ತು 27ಕ್ಕೆ 273 ಸೇರಿಸಿ ಕೆಲ್ವಿನ್‌ಗೆ ತಂದರೆ 400 ಮತ್ತು 300; 400ನ್ನು 300ರಿಂದ ಭಾಗಿಸಿದರೆ 1.33. ಇದು ಬಾಯಿ ಮುಚ್ಚಿದ ಫ್ಲಾಸ್ಕಿನ ಉತ್ತರ. ನಿಮ್ಮ ಫ್ಲಾಸ್ಕಿನ ಬಾಯಿ ಪಕ್ಕದ ಫ್ಲಾಸ್ಕಿಗೆ ತೆರೆದುಕೊಂಡಿದೆ.

ಪಿ ಬೈ ಟಿ ಸ್ಥಿರ ಅನ್ನುವುದು ಪಿವಿ = ಎನ್ಆರ್‌ಟಿ ಸೂತ್ರದ ಒಂದು ತುಂಡು. ಪಿ ಅಂದರೆ ಒತ್ತಡ, ವಿ ಗಾತ್ರ, ಎನ್ ಅನಿಲದ ಮೋಲ್ ಸಂಖ್ಯೆ, ಟಿ ಕೆಲ್ವಿನ್‌ನಲ್ಲಿ ತಾಪಮಾನ, ಆರ್ ಅನಿಲ ಸ್ಥಿರಾಂಕ. ಈ ತುಂಡು ಕೆಲಸ ಮಾಡಬೇಕಾದರೆ ಗಾತ್ರವೂ ಬದಲಾಗಬಾರದು, ಎನ್ ಕೂಡ ಬದಲಾಗಬಾರದು. ಗಾತ್ರ ಬದಲಾಗಿಲ್ಲ ಅಂತ ನೀವು ಗಮನಿಸಿದಿರಿ, ಸರಿ. ಎನ್ ಕಡೆ ನೋಡಲಿಲ್ಲ.

ಈಗ ಆ ಚಿಕ್ಕ ಫ್ಲಾಸ್ಕಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗೆ ಕಾವು ಕೊಟ್ಟಿರಿ. ಅಣುಗಳ ವೇಗ ಜಾಸ್ತಿಯಾಯಿತು, ಗೋಡೆಗೆ ಬಡಿಯುವ ರಭಸ ಜಾಸ್ತಿಯಾಯಿತು, ಒತ್ತಡ ಒಂದು ಚೂರು ಏರಿತು. ಪಕ್ಕದ ಫ್ಲಾಸ್ಕಿನಲ್ಲಿ ಒತ್ತಡ ಇನ್ನೂ ಹಾಗೇ ಇದೆ. ಕೊಳವೆಯ ಈ ತುದಿಯಲ್ಲಿ ಒತ್ತಡ ಜಾಸ್ತಿ, ಆ ತುದಿಯಲ್ಲಿ ಕಡಿಮೆ. ಗಾಳಿ ಸುಮ್ನೆ ಇರುತ್ತದಾ? ಇಲ್ಲ, ಆ ಕಡೆಗೆ ನುಗ್ಗುತ್ತದೆ. ಇದರಿಂದ ಈ ಕಡೆ ಒತ್ತಡ ಸ್ವಲ್ಪ ಇಳಿಯುತ್ತದೆ, ಆ ಕಡೆ ಸ್ವಲ್ಪ ಏರುತ್ತದೆ. ಕಾಯಿಸುತ್ತಾ ಹೋದಷ್ಟು ಹೊತ್ತೂ ಇದೇ ನಡೆಯುತ್ತದೆ. ಎರಡೂ ಕಡೆ ಒತ್ತಡ ಒಂದೇ ಆದಾಗ ಮಾತ್ರ ಗಾಳಿಯ ಓಡಾಟ ನಿಲ್ಲುತ್ತದೆ.

ಹಾಗಾಗಿ ಇಲ್ಲಿ ಬದಲಾಗದೇ ಇರುವುದು ಒಟ್ಟು ಗಾಳಿ. ಚಿಕ್ಕ ಫ್ಲಾಸ್ಕ್ ಕಳೆದುಕೊಂಡದ್ದು ದೊಡ್ಡ ಫ್ಲಾಸ್ಕಿಗೆ ಸೇರುತ್ತದೆ, ಹೊರಗೆ ಎಲ್ಲೂ ಹೋಗುವುದಿಲ್ಲ. ಕೊನೆಯಲ್ಲಿ ಸಮ ಆಗುವುದು ಒತ್ತಡ ಮಾತ್ರ. ಮೋಲ್ ಸಂಖ್ಯೆ ಸಮ ಆಗಬೇಕಿಲ್ಲ, ಸಾಂದ್ರತೆ ಸಮ ಆಗಬೇಕಿಲ್ಲ, ತಾಪಮಾನವಂತೂ ಇಲ್ಲಿ ಬೇರೆ ಬೇರೆ ಅಂತ ಪ್ರಶ್ನೆಯೇ ಹೇಳಿದೆ. ಈ ಎರಡು ಮಾತು ಹಿಡಿದುಕೊಂಡರೆ ಸಾಕು, ಇಂಥ ಮುಕ್ಕಾಲು ಪಾಲು ಲೆಕ್ಕ ಬಿಡಿಸಬಹುದು.

ಒಂದು ಪಾತ್ರೆಯ ಎನ್ ಬೇಕಾದರೆ ಪಿವಿಯನ್ನು ಆರ್‌ಟಿಯಿಂದ ಭಾಗಿಸಬೇಕು. ಆರ್ ಎಲ್ಲ ಕಡೆಯೂ ಒಂದೇ, ಅದನ್ನು ಕೈಬಿಡಿ. ಉಳಿಯುವುದು ಪಿವಿ ಬೈ ಟಿ. ಮೊದಲಿನ ಎಲ್ಲಾ ಪಿವಿ ಬೈ ಟಿ ಕೂಡಿಸಿದರೆ ಎಷ್ಟೋ, ಕೊನೆಯ ಎಲ್ಲಾ ಪಿವಿ ಬೈ ಟಿ ಕೂಡಿಸಿದರೂ ಅಷ್ಟೇ ಇರಬೇಕು. ನಿಮ್ಮ ಲೆಕ್ಕಕ್ಕೆ ಹಾಕಿದರೆ:

1 × 5/300 = ಪಿ × (2/400 + 3/300)

ಎಡಗಡೆ 0.016667. ಬಲಗಡೆ ಆವರಣದೊಳಗೆ 0.005 ಮತ್ತು 0.010 ಸೇರಿ 0.015. ಭಾಗಿಸಿದರೆ 1.11 ಬಾರ್. ಗಾತ್ರವನ್ನು ಲೀಟರಿನಲ್ಲೇ ಬಿಟ್ಟಿದ್ದೇನೆ ನೋಡಿ, ಎರಡೂ ಕಡೆ ಒಂದೇ ಮಾನ ಇದ್ದರೆ ಘನ ಮೀಟರಿಗೆ ಬದಲಾಯಿಸುವ ಕೆಲಸವೇ ಇಲ್ಲ. ತಾಪಮಾನವನ್ನು ಮಾತ್ರ ಕೆಲ್ವಿನ್‌ಗೆ ತರಲೇಬೇಕು.

ಎಷ್ಟು ಗಾಳಿ ದಾಟಿಹೋಯಿತು ಅನ್ನುವುದನ್ನೂ ನೋಡಿಬಿಡಿ, ಆಗ ಮನಸ್ಸಿಗೆ ಹತ್ತುತ್ತದೆ. ಮೊದಲು ಚಿಕ್ಕ ಫ್ಲಾಸ್ಕಿನಲ್ಲಿ ಸುಮಾರು 0.080 ಮೋಲ್ ಇತ್ತು, ದೊಡ್ಡದರಲ್ಲಿ 0.120. ಕೊನೆಗೆ ಚಿಕ್ಕದರಲ್ಲಿ 0.067, ದೊಡ್ಡದರಲ್ಲಿ 0.134. ಅಂದರೆ ಬಿಸಿ ಫ್ಲಾಸ್ಕಿನ ಗಾಳಿಯಲ್ಲಿ ಆರರಲ್ಲಿ ಒಂದು ಪಾಲು ಕೊಳವೆ ದಾಟಿತು. ದೊಡ್ಡ ಫ್ಲಾಸ್ಕನ್ನು ನೀವು ಮುಟ್ಟಲೂ ಇಲ್ಲ, ಆದರೂ ಅದರ ಒತ್ತಡ ಏರಿತು. ಏರಿದ್ದು ಬಿಸಿಯಿಂದಲ್ಲ, ಬಂದು ಸೇರಿದ ಗಾಳಿಯಿಂದ.

ಉತ್ತರ ಬಂದಮೇಲೆ ಒಂದು ನಿಮಿಷ ಅದನ್ನು ಅನುಮಾನದಿಂದ ನೋಡುವ ಅಭ್ಯಾಸ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎರಡೂ ಫ್ಲಾಸ್ಕುಗಳನ್ನು 127 ಡಿಗ್ರಿಗೆ ಕಾಯಿಸಿದ್ದರೆ 1.33 ಬರುತ್ತಿತ್ತು. ಯಾವುದನ್ನೂ ಕಾಯಿಸದಿದ್ದರೆ 1. ಐದು ಲೀಟರಿನಲ್ಲಿ ಎರಡು ಲೀಟರ್ ಮಾತ್ರ ಬಿಸಿಯಾಗಿದೆ, ಹಾಗಾಗಿ ಉತ್ತರ ಇವೆರಡರ ನಡುವೆ ಎಲ್ಲೋ ಇರಲೇಬೇಕು ಅಲ್ವಾ? 1.11 ನಡುವೆ ಇದೆ. ತಣ್ಣನೆಯ ಫ್ಲಾಸ್ಕ್ ತುಂಬಾ ದೊಡ್ಡದು ಅಂದುಕೊಂಡರೆ ಒತ್ತಡ ಒಂದನ್ನು ಬಿಟ್ಟು ಅಲುಗಾಡುವುದಿಲ್ಲ, ತುಂಬಾ ಚಿಕ್ಕದು ಅಂದುಕೊಂಡರೆ 1.33ರ ಹತ್ತಿರ ಹೋಗುತ್ತದೆ. ಸಮೀಕರಣದಲ್ಲಿ 3ರ ಜಾಗಕ್ಕೆ 3000 ಹಾಕಿ, 0.003 ಹಾಕಿ, ನೀವೇ ನೋಡಿ. ಇದೇ ಲೆಕ್ಕಕ್ಕೆ ಕೆಲ್ವಿನ್ ಬಿಟ್ಟು 27, 127 ಅಂತಲೇ ಹಾಕಿದರೆ 1.46 ಬರುತ್ತದೆ. ಅದು 1.33ಕ್ಕಿಂತ ಜಾಸ್ತಿ, ಆಗಲು ಸಾಧ್ಯವೇ ಇಲ್ಲದ ಉತ್ತರ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಯಾವಾಗ ಏನು ಹಾಕಬೇಕು ಅಂತ ಕೇಳಿದಿರಿ. ನಿಜವಾದ ಗೊಂದಲ ಇರುವುದು ಇಲ್ಲೇ, ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಸುಲಭದ್ದು. 10 ಲೀಟರಿನ ಪಾತ್ರೆಯಲ್ಲಿ 3 ಬಾರ್, 5 ಲೀಟರಿನ ಪಾತ್ರೆಯಲ್ಲಿ 6 ಬಾರ್, ತಾಪಮಾನ ಎರಡರಲ್ಲೂ ಒಂದೇ, ಕೊನೆಯಲ್ಲೂ ಅದೇ. ನಡುವಿನ ವಾಲ್ವ್ ತೆರೆದರೆ? ತುಂಬಾ ಜನ 3 ಮತ್ತು 6ರ ಸರಾಸರಿ 4.5 ಅಂದುಬಿಡುತ್ತಾರೆ. ಟಿ ಎಲ್ಲ ಕಡೆಯೂ ಒಂದೇ ಆದ್ದರಿಂದ ಅದು ಕಳಚಿಹೋಗುತ್ತದೆ, ಪಿವಿ ಮಾತ್ರ ಉಳಿಯುತ್ತದೆ: 30 ಮತ್ತು 30 ಸೇರಿ 60, ಒಟ್ಟು ಗಾತ್ರ 15, ಒತ್ತಡ 4 ಬಾರ್. ದೊಡ್ಡ ಪಾತ್ರೆಯ ಮಾತಿಗೆ ತೂಕ ಜಾಸ್ತಿ, ಹಾಗಾಗಿ ಉತ್ತರ ಅದರ ಕಡೆಗೆ ವಾಲುತ್ತದೆ. ಗಾತ್ರ ಎರಡೂ ಸಮ ಇದ್ದರೆ ಮಾತ್ರ ಸಾದಾ ಸರಾಸರಿ ನಡೆಯುತ್ತದೆ.

ಈಗ ತಾಪಮಾನವೂ ಬೇರೆ ಇರಲಿ. ಒಂದು ಪಾತ್ರೆ 4 ಲೀಟರ್, 2 ಬಾರ್, 300 ಕೆಲ್ವಿನ್. ಇನ್ನೊಂದು 6 ಲೀಟರ್, 1 ಬಾರ್, 400 ಕೆಲ್ವಿನ್. ಅನಿಲ ಎರಡರಲ್ಲೂ ಒಂದೇ. ವಾಲ್ವ್ ತೆರೆದು ಎಲ್ಲ ಶಾಂತವಾಗುವ ತನಕ ಕಾದರೆ ಒತ್ತಡ ಎಷ್ಟು?

ಇಷ್ಟೇ ಹೇಳಿದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಕೊನೆಯ ತಾಪಮಾನ ಏನು ಅಂತ ಯಾರೂ ಹೇಳಿಲ್ಲವಲ್ಲ. ಆದರ್ಶ ಅನಿಲ ನಿಯಮ, ಅಂದರೆ ನಮ್ಮ ಪಿವಿ = ಎನ್ಆರ್‌ಟಿ, ಒತ್ತಡ, ಗಾತ್ರ, ಮೋಲ್, ತಾಪಮಾನ ಈ ನಾಲ್ಕನ್ನು ಒಂದಕ್ಕೊಂದು ಕಟ್ಟುತ್ತದೆ ಅಷ್ಟೇ. ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದು ಅದರ ಕೆಲಸವಲ್ಲ. ಅದನ್ನು ಪ್ರಶ್ನೆಯಿಂದಲೇ ತಿಳಿದುಕೊಳ್ಳಬೇಕು. ಪ್ರಶ್ನೆ ಓದುವಾಗ ಪೆನ್ಸಿಲಿನಿಂದ ಗೆರೆ ಎಳೆಯಬೇಕಾದ ಸಾಲು ಯಾವುದು ಅಂದರೆ, ಇದೇ.

ಪಾತ್ರೆಗಳನ್ನು 300 ಮತ್ತು 400ರಲ್ಲೇ ಹಿಡಿದಿಟ್ಟಿದ್ದಾರೆ ಅಂತಿದ್ದರೆ, ನಿಮ್ಮ ಫ್ಲಾಸ್ಕಿನ ದಾರಿಯೇ. ಮೊದಲಿನ ಮೊತ್ತ 8/300 + 6/400, ಅಂದರೆ 0.041667. ಕೊನೆಗೆ ಪಿ × (4/300 + 6/400), ಅಂದರೆ ಪಿ × 0.028333. ಒತ್ತಡ 1.47 ಬಾರ್.

ಎರಡನ್ನೂ 300 ಕೆಲ್ವಿನ್‌ನ ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟಿದ್ದಾರೆ ಅಂತಿದ್ದರೆ, ಕೊನೆಯ ತಾಪಮಾನ ಎಲ್ಲ ಕಡೆಯೂ 300. ಆಗ ಪಿ × 10/300 = 0.041667, ಒತ್ತಡ 1.25 ಬಾರ್.

ಮೂರನೆಯದು ನನಗೆ ತುಂಬಾ ಇಷ್ಟದ್ದು. ಪಾತ್ರೆಗಳಿಗೆ ಶಾಖ ಒಳಗೂ ಬರದ, ಹೊರಗೂ ಹೋಗದ ಹಾಗೆ ಹೊದಿಕೆ ಹಾಕಿದ್ದಾರೆ ಅಂದುಕೊಳ್ಳಿ. ಗೋಡೆಗಳು ಗಟ್ಟಿ, ಅಲುಗುವುದಿಲ್ಲ, ಹಾಗಾಗಿ ಹೊರಗಿನ ಮೇಲೆ ಕೆಲಸವೂ ಆಗುವುದಿಲ್ಲ. ಅಂದಮೇಲೆ ಒಳಗಿನ ಒಟ್ಟು ಶಕ್ತಿ ಇದ್ದಷ್ಟೇ ಇರಬೇಕು. ಆದರ್ಶ ಅನಿಲದ ಆಂತರಿಕ ಶಕ್ತಿ ಎನ್‌ಗೂ ಟಿಗೂ ಅನುಪಾತದಲ್ಲಿರುತ್ತದೆ. ಎನ್ ಗುಣಿಸು ಟಿ ಅಂದರೇನು? ಪಿವಿಯನ್ನು ಆರ್‌ನಿಂದ ಭಾಗಿಸಿದ್ದು. ಹಾಗಾಗಿ ಶಕ್ತಿ ಉಳಿಯಿತು ಅಂದರೆ ಪಿವಿಗಳ ಮೊತ್ತ ಉಳಿಯಿತು ಅಂತಲೇ ಅರ್ಥ! 8 ಮತ್ತು 6 ಸೇರಿ 14, ಒಟ್ಟು ಗಾತ್ರ 10, ಒತ್ತಡ 1.40 ಬಾರ್. ಇಲ್ಲಿ ತಾಪಮಾನವನ್ನು ಬಳಸಲೇ ಇಲ್ಲ ನೋಡಿ. ಎರಡು ಪಾತ್ರೆಗಳ ಗಾಳಿ ಇನ್ನೂ ಒಂದೇ ತಾಪಮಾನಕ್ಕೆ ಬಂದಿರದಿದ್ದರೂ, ಒತ್ತಡ ಸಮವಾಗಿದ್ದರೆ ಸಾಕು, ಅದು 1.40ಯೇ. ಆಮೇಲೆ ನಿಧಾನವಾಗಿ ತಾಪಮಾನ ಸಮವಾಗುತ್ತಾ ಹೋದರೂ ಒತ್ತಡ ಅಲ್ಲೇ ನಿಂತಿರುತ್ತದೆ. ಕೊನೆಯ ತಾಪಮಾನ ಬೇಕಿದ್ದರೆ ಪಿವಿಗಳ ಮೊತ್ತವನ್ನು ಪಿವಿ ಬೈ ಟಿಗಳ ಮೊತ್ತದಿಂದ ಭಾಗಿಸಿ: 14/0.041667, ಅಂದರೆ 336 ಕೆಲ್ವಿನ್. 300 ಮತ್ತು 400ರ ನಡುವಿನ 350 ಅಲ್ಲ, ಯಾಕೆಂದರೆ ತಣ್ಣನೆಯ ಪಾತ್ರೆಯಲ್ಲಿ ಅಣುಗಳು ಜಾಸ್ತಿ ಇದ್ದವು.

ಅದೇ ಪಾತ್ರೆ, ಅದೇ ಗಾಳಿ, ಅದೇ ವಾಲ್ವ್. ಉತ್ತರ 1.25, 1.40, 1.47. ಮೂರೂ ಸರಿ. ಈ ಒಂದು ಉದಾಹರಣೆಯನ್ನು ಪುಸ್ತಕ ಮುಚ್ಚಿಟ್ಟು ಮೂರು ರೀತಿಯಲ್ಲೂ ನೀವೇ ಒಮ್ಮೆ ಮಾಡಿ ನೋಡಿ, ಹತ್ತು ಬೇರೆ ಲೆಕ್ಕ ಮಾಡಿದ್ದಕ್ಕಿಂತ ಜಾಸ್ತಿ ಉಪಯೋಗವಾಗುತ್ತದೆ.

ಮೂರನೆಯ ದಾರಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಅನಿಲ ಎರಡೂ ಕಡೆ ಒಂದೇ ಬಗೆಯದ್ದಾಗಿದ್ದರೆ ಮಾತ್ರ ಅದು ಇಷ್ಟು ಸಲೀಸು. ಒಂದು ಮೋಲ್ ಹೀಲಿಯಂ 400 ಕೆಲ್ವಿನ್‌ನಲ್ಲಿ, ಒಂದು ಮೋಲ್ ನೈಟ್ರೋಜನ್ 300ರಲ್ಲಿ ಇದ್ದು ಸೇರಿಕೊಂಡರೆ ತಾಪಮಾನ 350 ಆಗುವುದಿಲ್ಲ. ಹೀಲಿಯಂ ಒಂಟಿ ಪರಮಾಣು, ಅದರ ಒಂದು ಮೋಲ್ ಹಿಡಿಯುವ ಶಕ್ತಿ ಒಂದೂವರೆ ಆರ್‌ಟಿ. ನೈಟ್ರೋಜನ್ ಅಣು ತಿರುಗುವುದರಲ್ಲೂ ಶಕ್ತಿ ಇಟ್ಟುಕೊಳ್ಳುತ್ತದೆ, ಅದರದ್ದು ಎರಡೂವರೆ ಆರ್‌ಟಿ. ಲೆಕ್ಕ ಹಾಕಿದರೆ 337.5 ಕೆಲ್ವಿನ್ ಬರುತ್ತದೆ. ಇಲ್ಲಿ ಪಿವಿಯ ಅಡ್ಡದಾರಿ ನಡೆಯುವುದಿಲ್ಲ, ಶಕ್ತಿಯನ್ನೇ ಬರೆದು ಹೋಗಬೇಕು.

ಹೊದಿಕೆ ಹಾಕಿದ ಪಾತ್ರೆಯಲ್ಲಿ ಒಂದು ಕಡೆ ಪೂರ್ತಿ ಖಾಲಿ, ಅಂದರೆ ನಿರ್ವಾತ ಇದ್ದರೆ ಏನಾಗುತ್ತದೆ ಅಂತ ಮುಂದೆ ನೀವು ಕೇಳೇ ಕೇಳುತ್ತೀರಿ. ಇದನ್ನು ಜೇಮ್ಸ್ ಜೂಲ್ 1845ರಲ್ಲಿ ಮಾಡಿ ನೋಡಿದ್ದರು. ತಾಮ್ರದ ಎರಡು ಪಾತ್ರೆ, ಒಂದರಲ್ಲಿ ಸುಮಾರು 22 ವಾಯುಮಂಡಲ ಒತ್ತಡದ ಗಾಳಿ, ಇನ್ನೊಂದು ಖಾಲಿ, ನಡುವೆ ಒಂದು ತಿರುಪು. ಎರಡನ್ನೂ ಒಂದೇ ನೀರಿನ ತೊಟ್ಟಿಯಲ್ಲಿಟ್ಟು, ತಿರುಪು ತೆರೆದು, ನೀರನ್ನು ಕದಡಿ ತಾಪಮಾನ ನೋಡಿದರೆ ಬದಲಾವಣೆ ಕಾಣಲಿಲ್ಲ. ಒಟ್ಟು ಶಕ್ತಿ ಉಳಿದಿದೆ, ಎನ್ ಉಳಿದಿದೆ, ಹಾಗಾಗಿ ಟಿ ಕೂಡ ಉಳಿದಿದೆ. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತದೆ. ಆದರೆ ಜೂಲ್ ಅಲ್ಲಿಗೆ ನಿಲ್ಲಿಸಲಿಲ್ಲ. ಎರಡು ಪಾತ್ರೆಗಳನ್ನು ಬೇರೆ ಬೇರೆ ನೀರಿನಲ್ಲಿಟ್ಟು ಮತ್ತೆ ಮಾಡಿದರು. ಈಗ ಗಾಳಿ ಬಿಟ್ಟುಕೊಟ್ಟ ಪಾತ್ರೆಯ ನೀರು ತಣ್ಣಗಾಯಿತು, ಗಾಳಿ ತುಂಬಿಕೊಂಡ ಪಾತ್ರೆಯ ನೀರು ಬಿಸಿಯಾಯಿತು!

ಯಾಕೆ? ಮೊದಲ ಪಾತ್ರೆಯಲ್ಲಿ ಉಳಿದುಕೊಳ್ಳುವ ಗಾಳಿ, ಹೊರಟುಹೋಗುವ ಗಾಳಿಯನ್ನು ಕೊಳವೆಯೊಳಗೆ ತಳ್ಳುತ್ತದೆ. ತಳ್ಳುವುದು ಅಂದರೆ ಕೆಲಸ. ಆ ಕೆಲಸಕ್ಕೆ ಶಕ್ತಿ ಅದರ ಸ್ವಂತ ಶಾಖದಿಂದಲೇ ಹೋಗಬೇಕು, ಹಾಗಾಗಿ ಉಳಿದ ಗಾಳಿ ತಣ್ಣಗಾಗುತ್ತದೆ. ಆ ಕೆಲಸವನ್ನೆಲ್ಲ ಹೊತ್ತುಕೊಂಡು ಆಚೆ ನುಗ್ಗಿದ ಗಾಳಿ ಅಲ್ಲಿ ಸುತ್ತಿ ಸುಳಿದು ನಿಂತಾಗ ಬಿಸಿಯಾಗುತ್ತದೆ. ಸಮ ಗಾತ್ರದ ಎರಡು ಪಾತ್ರೆ, ಶುರುವಿಗೆ 300 ಕೆಲ್ವಿನ್, ಗೋಡೆ ಶಾಖ ಹೀರುವುದೇ ಇಲ್ಲ ಅಂತ ಇಟ್ಟುಕೊಂಡರೆ, ಒತ್ತಡ ಸಮವಾದ ಆ ಗಳಿಗೆಯಲ್ಲಿ ಮೊದಲ ಪಾತ್ರೆಯ ಗಾಳಿ ಸುಮಾರು 246 ಕೆಲ್ವಿನ್‌ಗೆ ಇಳಿದಿರುತ್ತದೆ, ಎರಡನೆಯದರ ಗಾಳಿ ಸುಮಾರು 384ಕ್ಕೆ ಏರಿರುತ್ತದೆ. ಒಂದು ಕಡೆ ಮೈನಸ್ 27 ಡಿಗ್ರಿ, ಇನ್ನೊಂದು ಕಡೆ 111 ಡಿಗ್ರಿ! ಆಮೇಲೆ ಎರಡೂ ಬೆರೆತು ಮತ್ತೆ 300ಕ್ಕೆ ಬರುತ್ತವೆ. ಆ ಗಳಿಗೆಯಲ್ಲಿ ಮೋಲ್‌ಗಳು ಅರ್ಧರ್ಧ ಹಂಚಿಹೋಗಿರುತ್ತವೆ ಅಂದುಕೊಂಡರೆ ತಪ್ಪು: ತಣ್ಣನೆಯ ಕಡೆ ನೂರಕ್ಕೆ 61 ಪಾಲು, ಬಿಸಿ ಕಡೆ 39. ನಿಜವಾದ ಲೋಹದ ಪಾತ್ರೆಯಲ್ಲಿ ಗೋಡೆಗಳು ಬೇಗ ಶಾಖ ಕೊಟ್ಟು ತೆಗೆದುಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ ಕಾಣುವುದಿಲ್ಲ, ಆದರೆ ದಿಕ್ಕು ಇದೇ. ಮುಳುಗುಗಾರರ ಸಿಲಿಂಡರಿಗೆ ಗಾಳಿ ತುಂಬಿಸುವಾಗ ಸಿಲಿಂಡರ್ ಕೈಗೆ ಬೆಚ್ಚಗಾಗುತ್ತದೆ. ತಣ್ಣಗಾದ ಮೇಲೆ ನೋಡಿದರೆ ಒತ್ತಡ ಇಳಿದಿರುತ್ತದೆ. ಸೋರಿಕೆ ಅಂತ ಹೆದರಬೇಕಾಗಿಲ್ಲ, ಎನ್ ಮತ್ತು ವಿ ಹಾಗೇ ಇವೆ, ಟಿ ಇಳಿಯಿತು, ಅದರ ಜೊತೆ ಪಿ ಇಳಿಯಿತು. ನಿಮ್ಮ ಪಿ ಬೈ ಟಿ ಸ್ಥಿರ ಸೂತ್ರಕ್ಕೆ ಸರಿಯಾದ ಜಾಗ ಇದು.

ಎರಡು ಬೇರೆ ಅನಿಲಗಳಿದ್ದು ತಾಪಮಾನ ಒಂದೇ ಆಗಿದ್ದರೆ ಭಯ ಬೇಡ. ಪ್ರತಿ ಅನಿಲಕ್ಕೂ ಇನ್ನೊಂದು ಅನಿಲ ಇಲ್ಲವೇ ಇಲ್ಲ ಅನ್ನುವ ಹಾಗೆ ಲೆಕ್ಕ ಹಾಕಿ, ಕೊನೆಗೆ ಕೂಡಿಸಿ. ಇದು ಡಾಲ್ಟನ್ ಹೇಳಿದ ಆಂಶಿಕ ಒತ್ತಡದ ನಿಯಮ. 2 ಲೀಟರಿನಲ್ಲಿ 3 ಬಾರ್ ಹೀಲಿಯಂ, 4 ಲೀಟರಿನಲ್ಲಿ ಒಂದೂವರೆ ಬಾರ್ ನೈಟ್ರೋಜನ್ ಇದ್ದರೆ, ವಾಲ್ವ್ ತೆರೆದಮೇಲೆ ಆರು ಲೀಟರಿನಲ್ಲಿ ಪ್ರತಿಯೊಂದರದ್ದೂ 1 ಬಾರ್, ಒಟ್ಟು 2 ಬಾರ್. ಆದರೆ ಎರಡು ಕೆಲಸ ಎರಡು ವೇಗದಲ್ಲಿ ನಡೆಯುತ್ತವೆ. ಒತ್ತಡ ಸಮವಾಗುವುದು ಬೇಗ, ಯಾಕೆಂದರೆ ಅದು ಅನಿಲವೇ ಒಟ್ಟಾಗಿ ತಳ್ಳಿಕೊಂಡು ಹೋಗುವ ಕೆಲಸ. ಅನಿಲಗಳು ಪೂರ್ತಿ ಬೆರೆಯುವುದು ತುಂಬಾ ನಿಧಾನ, ಕೊಳವೆ ಸಣ್ಣದಾದಷ್ಟೂ ಇನ್ನೂ ನಿಧಾನ, ಯಾಕೆಂದರೆ ಒಂದೊಂದು ಅಣುವೂ ಡಿಕ್ಕಿ ಹೊಡೆಯುತ್ತಾ ದಾರಿ ಮಾಡಿಕೊಂಡು ಹೋಗಬೇಕು. ಒತ್ತಡದ ಮಾಪಕ 2ಕ್ಕೆ ಬಂದು ನಿಂತಿತು ಅಂದಮಾತ್ರಕ್ಕೆ ಒಳಗೆ ಬೆರೆತಾಯಿತು ಅಂತ ತಿಳಿಯಬೇಡಿ.

ಇದಕ್ಕೆ ಹೋಲುವ, ಆದರೆ ಬುಡದಲ್ಲೇ ಬೇರೆಯಾದ ಇನ್ನೊಂದು ಲೆಕ್ಕ ಇದೆ. ಎರಡು ಪಾತ್ರೆಗಳ ನಡುವಿನ ಅಡ್ಡ ಕೊಳವೆಯಲ್ಲಿ ಪಾದರಸದ ಒಂದು ಹನಿ. ನೋಡಲು ಅದೇ ಚಿತ್ರ. ಆದರೆ ಹನಿ ಗಾಳಿಯನ್ನು ದಾಟಲು ಬಿಡುವುದಿಲ್ಲ. ಈಗ ಪ್ರತಿ ಕಡೆಯ ಎನ್ ಬೇರೆ ಬೇರೆಯಾಗಿ ಸ್ಥಿರ, ಬದಲಾಗುವುದು ಗಾತ್ರ, ಅದೂ ಒಂದು ಕಡೆ ಕಡಿಮೆಯಾದಷ್ಟೇ ಇನ್ನೊಂದು ಕಡೆ ಜಾಸ್ತಿ. ಒತ್ತಡ ಇಲ್ಲೂ ಸಮ. ಒಂದು ಕಡೆ 280 ಕೆಲ್ವಿನ್, ಇನ್ನೊಂದು ಕಡೆ 320 ಇದ್ದು ಹನಿ ನಿಂತಿದೆ ಅಂದುಕೊಳ್ಳಿ. ಎರಡನ್ನೂ 20 ಡಿಗ್ರಿ ಏರಿಸಿದರೆ ಹನಿ ಅಲುಗುತ್ತದಾ? ಎರಡೂ ಕಡೆ ಸಮನಾಗಿ ಕಾಯಿಸಿದ್ದೇವಲ್ಲ, ಅಲುಗಲಿಕ್ಕಿಲ್ಲ ಅನ್ನಿಸುತ್ತದೆ. ಆದರೆ 300/280 ಅಂದರೆ 1.071, 340/320 ಅಂದರೆ 1.063. ತಣ್ಣನೆಯ ಕಡೆ ಒತ್ತಡ ಜಾಸ್ತಿ ಪಟ್ಟು ಏರಬಯಸುತ್ತದೆ, ಹನಿ ಬಿಸಿ ಕಡೆಗೆ ಸರಿಯುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಪಟ್ಟು ಏರಿತು ಅನ್ನುವುದು, ಎಷ್ಟು ಡಿಗ್ರಿ ಅನ್ನುವುದಲ್ಲ.

ಮಾಪಕದ ವಿಷಯ ಬಂತಲ್ಲ, ಅದರಲ್ಲೂ ಒಂದು ಗುಂಡಿ ಇದೆ. ಟೈರಿಗೆ ಹಿಡಿಯುವ ಮಾಪಕದಂಥವು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಜಾಸ್ತಿ ಇದೆ ಅನ್ನುವುದನ್ನು ಮಾತ್ರ ತೋರಿಸುತ್ತವೆ. ಪಿವಿ = ಎನ್ಆರ್‌ಟಿಗೆ ಬೇಕಾದದ್ದು ಪೂರ್ತಿ ಒತ್ತಡ, ಅಂದರೆ ಮಾಪಕ ತೋರಿಸಿದ್ದಕ್ಕೆ ಹೊರಗಿನ ಸುಮಾರು 1 ಬಾರ್ ಸೇರಿಸಬೇಕು. ತಾಪಮಾನ ಎಲ್ಲ ಕಡೆಯೂ ಒಂದೇ ಆಗಿರುವ ಲೆಕ್ಕದಲ್ಲಿ ಸೇರಿಸದಿದ್ದರೂ ಉತ್ತರ ಸರಿಯೇ ಬರುತ್ತದೆ. ಮೇಲಿನ 3 ಮತ್ತು 6 ಬಾರ್ ಮಾಪಕದ ಓದು ಅಂದುಕೊಂಡು 4 ಮತ್ತು 7 ಅಂತ ಹಾಕಿ: 75/15, ಅಂದರೆ 5, ಅದರಿಂದ 1 ಕಳೆದರೆ ಮತ್ತೆ 4. ಇದರಿಂದಲೇ ಜನ ಮೋಸಹೋಗುತ್ತಾರೆ. ಒಂದು ಸಲ ನಡೆಯಿತು ಅಂತ ಎಲ್ಲ ಕಡೆ ಹಾಗೇ ಮಾಡುತ್ತಾರೆ. ನಿಮ್ಮ ಫ್ಲಾಸ್ಕಿನ ಲೆಕ್ಕದಲ್ಲಿ ಶುರುವಿನ ಒತ್ತಡ 1 ಬಾರ್, ಮಾಪಕ ತೋರಿಸುವುದು ಸೊನ್ನೆ. ಸೊನ್ನೆಯನ್ನು ಹಾಕಿದರೆ ಎಷ್ಟು ಕಾಯಿಸಿದರೂ ಒತ್ತಡ ಸೊನ್ನೆಯೇ ಬರುತ್ತದೆ!

ಇದೆಲ್ಲ ಬರೀ ಪರೀಕ್ಷೆಗೆ ಮಾಡಿದ ಲೆಕ್ಕ ಅಂತ ಅನ್ನಿಸಬಾರದು, ಅದಕ್ಕೆ ಒಂದು ಉಪಕರಣದ ಮಾತು ಹೇಳುತ್ತೇನೆ. ಒಂದು ಪುಡಿಯ ನಿಜವಾದ ಗಾತ್ರ ಎಷ್ಟು ಅಂತ ತಿಳಿಯಬೇಕು, ಕಣಗಳ ನಡುವಿನ ಸಂದು ಬಿಟ್ಟು. ನೀರಿಗೆ ಹಾಕಿದರೆ ಕೆಲವು ಪುಡಿ ಕರಗುತ್ತವೆ, ಕೆಲವು ಗಾಳಿಗುಳ್ಳೆ ಹಿಡಿದುಕೊಳ್ಳುತ್ತವೆ. ಅನಿಲ ಪಿಕ್ನೋಮೀಟರ್ ಅನ್ನುವ ಉಪಕರಣ ಇದನ್ನು ಎರಡು ಜೋಡಿ ಪಾತ್ರೆಗಳಿಂದಲೇ ಅಳೆಯುತ್ತದೆ. ಪುಡಿಯನ್ನು ಒಂದು ಕೋಣೆಗೆ ಹಾಕಿ, ಅದಕ್ಕೆ ಹೀಲಿಯಂ ತುಂಬಿ ಒತ್ತಡ ನೋಡುತ್ತಾರೆ. ಆಮೇಲೆ ಗಾತ್ರ ಗೊತ್ತಿರುವ ಇನ್ನೊಂದು ಕೋಣೆಗೆ ವಾಲ್ವ್ ತೆರೆದು ಮತ್ತೆ ಒತ್ತಡ ನೋಡುತ್ತಾರೆ. ಕೋಣೆ 100 ಮಿಲಿಲೀಟರ್, ಪಕ್ಕದ ಖಾಲಿ ಕೋಣೆ 50, ಮೊದಲ ಒತ್ತಡ 2.2 ಬಾರ್, ಆಮೇಲಿನದು 1.2 ಇರಲಿ. ಹೀಲಿಯಂಗೆ ಮೊದಲು ಸಿಕ್ಕಿದ್ದ ಜಾಗವನ್ನು ಜ ಅಂದರೆ, 2.2 × ಜ = 1.2 × (ಜ + 50). ಬಿಡಿಸಿದರೆ ಜ 60 ಮಿಲಿಲೀಟರ್. ಉಳಿದ 40 ಮಿಲಿಲೀಟರ್ ಪುಡಿಯದ್ದು. ಪುಡಿಯ ತೂಕ 108 ಗ್ರಾಂ ಇದ್ದರೆ ಸಾಂದ್ರತೆ 2.7, ಅಲ್ಯೂಮಿನಿಯಂನದ್ದು ಅಷ್ಟೇ. ಹೀಲಿಯಂ ಯಾಕೆ ಅಂದರೆ ಅದರ ಪರಮಾಣು ತುಂಬಾ ಚಿಕ್ಕದು, ಸಣ್ಣ ಸಣ್ಣ ರಂಧ್ರಕ್ಕೂ ಹೋಗುತ್ತದೆ, ಮೇಲ್ಮೈಗೆ ಅಂಟಿಕೊಳ್ಳುವುದೂ ಬಹಳ ಕಡಿಮೆ.

ಇನ್ನು ಕೊಳವೆಯದ್ದೇ ಗಾತ್ರ. "ಸಣ್ಣ ಕೊಳವೆ" ಅಂತ ಪ್ರಶ್ನೆಯಲ್ಲಿ ಬರೆಯುವುದು ಅದರ ಗಾತ್ರ ಲೆಕ್ಕಕ್ಕೆ ಬೇಡ ಅಂತ ಹೇಳಲಿಕ್ಕೆ. ಒಳಗಿನ ಅಗಲ 4 ಮಿಲಿಮೀಟರ್, ಉದ್ದ 10 ಸೆಂಟಿಮೀಟರ್ ಇದ್ದರೆ ಅದರಲ್ಲಿ ಹಿಡಿಯುವುದು ಸುಮಾರು 1.26 ಮಿಲಿಲೀಟರ್. 5 ಲೀಟರ್ ಮುಂದೆ ಅದು ಏನೂ ಅಲ್ಲ. ಆದರೆ ಅನಿಲ ತಾಪಮಾಪಕದಂಥ ಉಪಕರಣದಲ್ಲಿ ಬುರುಡೆಯೇ ಚಿಕ್ಕದು, ಮಾಪಕದ ಕಡೆ ಹೋಗುವ ಕೊಳವೆ ಕೋಣೆಯ ತಾಪಮಾನದಲ್ಲಿ ಇರುತ್ತದೆ, ಅಲ್ಲಿ ಅದನ್ನು ಬಿಟ್ಟರೆ ತಾಪಮಾನವೇ ತಪ್ಪಾಗಿ ಬರುತ್ತದೆ. ಹಾಗಿದ್ದಾಗ ಕೊಳವೆಯನ್ನು ಮೂರನೆಯ ಪಾತ್ರೆ ಅಂತ ತಿಳಿದು ಅದರ ಪಿವಿ ಬೈ ಟಿಯನ್ನೂ ಮೊತ್ತಕ್ಕೆ ಸೇರಿಸಿ. ಪಾತ್ರೆ ಮೂರಾಗಲಿ, ಹತ್ತಾಗಲಿ, ಸಮೀಕರಣದ ಆಕಾರ ಬದಲಾಗುವುದಿಲ್ಲ, ಒಂದೊಂದು ಪದ ಸೇರುತ್ತಾ ಹೋಗುತ್ತದೆ ಅಷ್ಟೇ.

ಒತ್ತಡ ಎರಡೂ ಕಡೆ ಸಮ ಅಂತ ನಾನು ಇಷ್ಟು ಹೊತ್ತು ಧೈರ್ಯವಾಗಿ ಹೇಳಿದೆ. ಅದೂ ಮುರಿಯುವ ಜಾಗ ಒಂದಿದೆ. ಸಾಮಾನ್ಯ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸಾಗುವ ದೂರ ಸುಮಾರು 70 ನ್ಯಾನೋಮೀಟರ್. ಅದಕ್ಕೆ ಹೋಲಿಸಿದರೆ ಯಾವ ಕೊಳವೆಯೂ ಹೆದ್ದಾರಿಯೇ. ಒತ್ತಡವನ್ನು 0.1 ಪ್ಯಾಸ್ಕಲ್‌ಗೆ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಿದರೆ ಆ ದೂರ 7 ಸೆಂಟಿಮೀಟರ್ ಆಗಿಬಿಡುತ್ತದೆ. ಈಗ 4 ಮಿಲಿಮೀಟರಿನ ಕೊಳವೆಯೊಳಗೆ ಅಣುಗಳು ಒಂದಕ್ಕೊಂದು ತಾಗುವುದೇ ಇಲ್ಲ, ಗೋಡೆಗೆ ಮಾತ್ರ ಬಡಿಯುತ್ತಾ ಒಂಟಿಯಾಗಿ ಅತ್ತಿತ್ತ ಹೋಗುತ್ತವೆ. ಒಟ್ಟಾಗಿ ತಳ್ಳುವುದೇ ಇಲ್ಲದಿದ್ದಮೇಲೆ ಒತ್ತಡ ಸಮ ಆಗಬೇಕಾದ ಕಾರಣವೂ ಇಲ್ಲ. ಅಲ್ಲಿ ಸಮವಾಗುವುದು ಆ ಕಡೆ ಈ ಕಡೆ ದಾಟುವ ಅಣುಗಳ ಸಂಖ್ಯೆ. ಅದರಿಂದ ಒತ್ತಡವನ್ನು ತಾಪಮಾನದ ವರ್ಗಮೂಲದಿಂದ ಭಾಗಿಸಿದ್ದು ಎರಡೂ ಕಡೆ ಒಂದೇ ಆಗುತ್ತದೆ. ನಿಮ್ಮದೇ ಫ್ಲಾಸ್ಕುಗಳಲ್ಲಿ ಅಷ್ಟು ತೆಳು ಗಾಳಿ ಇದ್ದಿದ್ದರೆ, 400 ಕೆಲ್ವಿನ್ ಕಡೆಯ ಒತ್ತಡ 300ರ ಕಡೆಯದಕ್ಕಿಂತ 1.15 ಪಟ್ಟು ಜಾಸ್ತಿ ಇರುತ್ತಿತ್ತು, ನಡುವೆ ವಾಲ್ವ್ ಇಲ್ಲದೆ, ಕೊಳವೆ ಪೂರ್ತಿ ತೆರೆದಿದ್ದರೂ. ಆಸ್ಬೋರ್ನ್ ರೆನಾಲ್ಡ್ಸ್ 1879ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. 1 ಬಾರ್ ಒತ್ತಡದ ನಿಮ್ಮ ಲೆಕ್ಕದಲ್ಲಿ ಇದರ ಪರಿಣಾಮ ಕಾಣುವಷ್ಟೂ ಇಲ್ಲ, ಹಾಗಾಗಿ 1.11 ಅಂತಲೇ ಬರೆಯಿರಿ.